ಸಾವಂತ್ರಿ ಕಟ್ಟಿದ ಎರಡು ಸಾವಿರದ ಐನೂರ ಇಪ್ಪತ್ತೊಂದು ಉಂಡಿ

ಒಂದಾನೊಂದು ಕಾಲದಾಗ, ನನ್ನ ಅಜ್ಜಿಯ ಅಜ್ಜಿಗೂ ಇನ್ನೂ ಹಲ್ಲು ಮೂಡಿರಲಿಲ್ಲ ನೋಡು, ಆವಾಗ ದುಂಡವ್ವ ಅಂತ ಒಬ್ಬಾಕಿ ಇದ್ಲಂತ. ಕಾಲು ಒದರಬ್ಯಾಡ, ಕೌದಿ ಹೊದ್ಕೊ. ಆಕಿಗೆ ಹತ್ತು ಮಂದಿ ಹೆಣ್ಮಕ್ಕಳು, ಒಬ್ಬ ಮಗ. ಹೆಣ್ಮಕ್ಕಳೆಲ್ಲಾ ಲಗ್ನಾಗಿ ಬ್ಯಾರೆ ಬ್ಯಾರೆ ಊರಾಗ, ಮನ್ಯಾಗ ಇದ್ದಾಕಿ ಸೊಸಿ ಸಾವಂತ್ರಿ. ಪಂಚಮಿ ಬಂತಂದ್ರ ಹೆಣ್ಮಕ್ಕಳು ತವರಿಗೆ ಬರ್ತಿದ್ರಂತ, ಇಬ್ಬರಿಗೆ ಕಡಿಮಿ ಎಂದೂ ಇಲ್ಲ, ಆದ್ರ ಎಷ್ಟು ಮಂದಿ ಅಂತ ಮೊದ್ಲ ಗೊತ್ತಾಗ್ತಿರಲಿಲ್ಲ. ಸೊಸಿ ಒಬ್ಬಾಕಿನ ಎಳ್ಳುಂಡಿ ಕಟ್ಟಬೇಕು, ಅತ್ತಿ ಬಂದವರಿಗೆಲ್ಲಾ ಸರಿಸಮ ಹಂಚಬೇಕು, ಹಂಚಿ ಮಿಕ್ಕಿದ್ರ ಮಾತ್ರ ಸೊಸಿಗೆ. ಎಂಥಾ ಅತ್ತಿ ಅಂತೀನಿ!

ಮೊದಲನೇ ವರ್ಷ ಸಾವಿರ ಉಂಡಿ ಕಟ್ಟಿದ್ಲಂತ. ಐದು ಮಂದಿ ಬಂದ್ರು, ತಲಿಗೆ ಇನ್ನೂರು, ಎಲ್ಲಾ ಖಾಲಿ. ಆಮ್ಯಾಲೆ ಎರಡನೇ ವರ್ಷ ಶಾಣ್ಯಾತನ ಮಾಡಿ ಒಂದು ಹೆಚ್ಚಿಗೆ ಕಟ್ಟಿದ್ಲು, ಸಾವಿರದ ಒಂದು. ಐದು ಬಂದಿದ್ರ ಒಂದು ಮಿಗತಿತ್ತು, ಆದ್ರ ಬಂದವರು ಏಳು ಮಂದಿ! ತಲಿಗೆ ನೂರಾ ನಲವತ್ಮೂರು, ಹೆಚ್ಚಿಗೆ ಕಟ್ಟಿದ್ದೂ ಹೋತು. ಪಾಪ, ಹಿತ್ತಲಿಗೆ ಹೋಗಿ ಅತ್ಲಂತ.

ಮೂರನೇ ವರ್ಷ ಸಾವಂತ್ರಿ ಬಸುರಿ. ಉಂಡಿ ಮ್ಯಾಲೆ ಬಯಕಿ, ಒಂದಾ ಒಂದು ತಿಂದ್ರ ಸಾಕು. ಬಯಕಿ ತೀರದಿದ್ರ ಹುಟ್ಟೋ ಕೂಸಿನ ಕಿವಿ ಸೋರತಾವ ಅಂತಿದ್ರು ಆವಾಗ, ಅದಕ್ಕ ಆಕಿ ಜೀವ ಹೊಡ್ಕೋತಿತ್ತು. ಕದ್ದು ತಿನ್ನಬಾರದಿತ್ತೇನು ಅಂತಿಯಾ? ಕದಿಯೋ ಪೈಕಿ ಅಲ್ಲವ್ವ ಆಕಿ.

ಹುಣಸಿ ಬೀಜ ಹರವಿಕೊಂಡು ಕುಂತ್ಲಂತ. ಎರಡರ ಸಾಲು, ಮೂರರ ಸಾಲು, ಹಂಗ ಹತ್ತರ ಸಾಲಿನ ತನಕ ಜೋಡಿಸೋದು, ಕೆಡವೋದು, ಮತ್ತ ಬೀಜ ಕೂಡಿಸೋದು, ಒಂದು ತಿಂಗಳು ಹಿಡೀತಂತ. ಎರಡು ಸಾವಿರದ ಐನೂರ ಇಪ್ಪತ್ತಕ್ಕ ಬಂದಾಗ ಯಾವ ಸಾಲು ಹಚ್ಚಿದ್ರೂ ಒಂದು ಬೀಜಾನೂ ಮಿಗಲಿಲ್ಲ. ಅಯ್ಯ ಶಿವನ, ಇದಂತೂ ಬ್ಯಾಡ ಅಂತ ಹಣಿ ಬಡ್ಕೊಂಡ್ಲು, ಆಮ್ಯಾಲೆ ಫಕ್ಕನ ನಕ್ಕು ಅದರ ಮ್ಯಾಲೆ ಒಂದು ಬೀಜ ಇಟ್ಲಂತ. ಇನ್ನ ಇಬ್ಬರು ಬರಲಿ, ಹತ್ತು ಮಂದಿ ಬರಲಿ, ಒಂದು ಮಿಕ್ಕೇ ಮಿಗತೈತಿ. ಕೈ ಸೋತ್ರೂ ಬಿಡದ ಅಷ್ಟೂ ಉಂಡಿ ಕಟ್ಟಿದ್ಲು.

ಆ ಪಂಚಮಿಗೆ ಒಂಬತ್ತು ಮಂದಿ ಬಂದ್ರು. ತಲಿಗೆ ಇನ್ನೂರ ಎಂಬತ್ತು, ಒಂದು ಮಿಕ್ಕಿತು. ಸಾವಂತ್ರಿ ಕೈ ಚಾಚೂದ್ರಾಗ ಹತ್ತನೇ ಮಗಳ ಚಕ್ಕಡಿ ಬಾಗಲಿಗೆ ಬಂದು ನಿಂತಿತಂತ! ಅತ್ತಿ ಎಲ್ಲಾ ಬುಟ್ಟಿ ಸುರುವಿ ಮತ್ತ ಎಣಿಸಿದ್ಲು. ತಲಿಗೆ ಇನ್ನೂರ ಐವತ್ತೆರಡು. ಮತ್ತ ಒಂದು ಮಿಕ್ಕಿತು.

ದುಂಡವ್ವ ಅದನ್ನ ಕೈಯಾಗ ಹಿಡ್ಕೊಂಡು, ಇದೇನ್ ಮಾಟ ಮಾಡಿದಿ, ಖರೇ ಹೇಳು ಅಂದ್ಲಂತ. ಸೊಸಿ ಅಳಕೋತ ಬೀಜದ ಸುದ್ದಿ ಎಲ್ಲಾ ಹೇಳಿದ್ಲು. ಒಂದು ಉಂಡಿ ಸಲುವಾಗಿ ಇಷ್ಟು ದಿನ ಎಣಿಸಿದೇನ ನನ್ನವ್ವ ಅಂತ ಅತ್ತಿ ಅಲ್ಲೇ ಕುಸಿದು ಕುಂತ್ಲಂತ. ಹನ್ನೊಂದು ಹಡದೀನಿ, ನನ್ನ ಬಯಕಿ ಏನಂತ ಒಬ್ರೂ ಕೇಳಲಿಲ್ಲ, ಮನಿ ರೀತಿನ ಹಿಂಗ ಅನ್ಕೊಂಡಿದ್ದೆ ಅಂದು, ಉಂಡಿ ಸೊಸಿ ಕೈಯಾಗ ಇಟ್ಟು, ಸಣ್ಣ ಹುಡುಗಿ ಹಂಗ ಅತ್ಲಂತ.

ಸಾವಂತ್ರಿ ಅದನ್ನ ಮುರಿದು, ಅರ್ಧ ತಾ ತಿಂದು, ಅರ್ಧ ಅತ್ತಿ ಬಾಯಾಗ ಇಟ್ಲಂತ. ಮರುವರ್ಷದಿಂದ ದುಂಡವ್ವ ತಾನೂ ಉಂಡಿ ಕಟ್ಟಾಕ ಕುಂದರತಿದ್ಲು, ಮೊದಲನೇ ಬುಟ್ಟಿ ಸೊಸಿಗೇ ತುಂಬತಿದ್ಲಂತ. ಎಲ್ಲಾರೂ ತಣ್ಣಗಿದ್ರು. ಕತಿ ಮುಗೀತು ನನ್ನವ್ವ, ಕಣ್ಣು ಮುಚ್ಚು.