ಬಾಡಿದ್ದನ್ನು ಬುಡಕ್ಕೆ ಹಾಕಿದ ಇನಾಸ

ಹೂಂ ಅನ್ನುವವರಿದ್ದರೆ ಹೇಳುತ್ತೇನೆ. ನಗುವವರು ಈಗಲೇ ನಕ್ಕುಬಿಡಿ, ಆಮೇಲೆ ಕಷ್ಟ.

ಅಪೊಲಿನ್ ಬಾಯಿಗೆ ಮನೆ ಮುಂದೆ ನಾಲ್ಕು ಮಲ್ಲಿಗೆ ಗಿಡ, ಎದೆಯೊಳಗೆ ಕೆಮ್ಮು, ಇನಾಸ ಅಂತ ಒಬ್ಬನೇ ಮಗ. ಮಗನ ಮೈ ಕೋಣನಷ್ಟು, ಬುದ್ಧಿ ಸಾಸಿವೆಯಷ್ಟು. "ನಾನು ಸತ್ತರೆ ಇವನಿಗೆ ಗಂಜಿ ಹಾಕುವವರು ಯಾರು ದೇವಾ!" ಅವಳಿಗೆ ಅದೊಂದೇ ಚಿಂತೆ. ಹೂ ಮಾರುವುದನ್ನಾದರೂ ಕಲಿಯಲಿ ಎಂದು ಪೇಟೆಗೆ ಕಳಿಸಿದಳು.

ಇನಾಸ ಹೂವನ್ನು ಬಿಸಿಲಲ್ಲೇ ಹೊತ್ತು ನಡೆದ. ಹೂ ಬಾಡಿತು, ಯಾರೂ ಕೊಳ್ಳಲಿಲ್ಲ. ಮನೆಗೆ ಬಂದರೆ ಅಮ್ಮನ ಬೈಗುಳ.

"ನಿನ್ನ ಮಂಡೆಯಲ್ಲಿ ಎಂತ ಉಂಟು! ಒದ್ದೆ ಬಾಳೆಲೆಯಲ್ಲಿ ಸುತ್ತಿ ನೀರು ಚಿಮುಕಿಸಬೇಕು!"

"ಆಯ್ತಮ್ಮ, ಇನ್ನು ಹಾಗೇ ಮಾಡ್ತೇನೆ."

ಮರುದಿನ ಒಣಮೀನು ತರಲು ಕಳಿಸಿದಳು. ಒದ್ದೆ ಬಾಳೆಲೆಯಲ್ಲಿ ಸುತ್ತಿದ, ದಾರಿಯುದ್ದಕ್ಕೂ ನೀರು ಚಿಮುಕಿಸಿದ. ಮನೆ ಮುಟ್ಟುವಾಗ ಮೀನು ಮುದ್ದೆ, ಹಿಂದೆ ಊರಿನ ನಾಯಿಗಳೆಲ್ಲ.

"ಅಯ್ಯೋ ಪೆದ್ದೇ! ತಂದದ್ದನ್ನು ಬಿಸಿಲಿಗೆ ಹರಡಬೇಕು!"

"ಆಯ್ತಮ್ಮ, ಇನ್ನು ಹಾಗೇ ಮಾಡ್ತೇನೆ."

ಆದಿತ್ಯವಾರ ಇಗರ್ಜಿಗೆ ಮಲ್ಲಿಗೆ ಕಳಿಸಿದಳು. ಇವನು ಇಗರ್ಜಿಯ ಮೆಟ್ಟಿಲ ಮೇಲೆ ಬಿಸಿಲಿಗೆ ಹರಡಿ ಕಾವಲು ಕೂತ. ಮುದಿ ಪಾದ್ರಿಗಳು ಬಂದು ನೋಡಿ, "ಮಾರ್ಚೆಶಿತ್!" ಅಂದರು.

"ಹಾಗಂದ್ರೆ ಎಂತ ಪಾದ್ರಿಗಳೇ?"

"ಲ್ಯಾಟಿನ್ ಮಾರಾಯ. ಬಾಡ್ತದೆ ಅಂತ ಅರ್ಥ. ಹೂವಿಗೂ ಹೇಳ್ತಾರೆ, ಮನುಷ್ಯರಿಗೂ ಹೇಳ್ತಾರೆ, ಕೆಲಸವಿಲ್ಲದ ಬುದ್ಧಿಗೂ ಹೇಳ್ತಾರೆ."

"ಬಾಡಿದ್ದನ್ನ ಎಂತ ಮಾಡೋದು?"

"ಗಿಡದ ಬುಡಕ್ಕೆ ಹಾಕಿ ನೀರು ಬಿಡು, ಮತ್ತೆ ಹೂವಾಗಿ ಬರ್ತದೆ. ಹೋಗು, ತಲೆ ತಿನ್ನಬೇಡ!"

ಸೇರಿದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಬುದ್ಧಿವಂತರ ಊರಲ್ಲವೇ! ಅಪೊಲಿನ್ ಬಾಯಿ ಇವತ್ತು ಪೂಜೆಗೆ ಯಾಕೆ ಬರಲಿಲ್ಲ ಅಂತ ಒಬ್ಬರೂ ಕೇಳಲಿಲ್ಲ.

"ಮಾರ್ಚೆಶಿತ್, ಮಾರ್ಚೆಶಿತ್" ಅನ್ನುತ್ತಾ ಇನಾಸ ಮನೆಗೆ ಬಂದ. ಅಮ್ಮ ಜ್ವರದಲ್ಲಿ ಚಾಪೆ ಹಿಡಿದಿದ್ದಳು. ಕೆನ್ನೆ ಗುಳಿಬಿದ್ದಿತ್ತು, ತುಟಿ ಒಣಗಿತ್ತು.

"ಅಮ್ಮಾ! ನೀನೂ ಮಾರ್ಚೆಶಿತ್!"

ಎತ್ತಿಕೊಂಡ. ಹೂವಿನ ಬುಟ್ಟಿಯಷ್ಟೂ ಭಾರವಿರಲಿಲ್ಲ ಪಾಪ. ದೊಡ್ಡ ಗಿಡದ ಬುಡದಲ್ಲಿ ಮಲಗಿಸಿ, ಬಾವಿಯಿಂದ ಸೇದಿ ಸೇದಿ ನೀರು ಹೊಯ್ದ. ಕೊಡದ ಮೇಲೆ ಕೊಡ, ಕೊಡದ ಮೇಲೆ ಕೊಡ. ಕೆಮ್ಮು ನಿಂತಿತು.

"ನೋಡಮ್ಮ, ಈ ಸಲ ಸರಿ ಮಾಡಿದೆ ಅಲ್ವಾ?"

ಅಮ್ಮ ಬೈಯಲಿಲ್ಲ. ಇನಾಸ ಪಕ್ಕದಲ್ಲೇ ಕೂತು ಬೈಗುಳಕ್ಕೆ ಕಾದ. ಅವಳು ಬೈಯದಿದ್ದರೆ ನಾಳೆ ಎಂತ ಮಾಡಬೇಕು ಅಂತ ಅವನಿಗೆ ಹೇಗೆ ಗೊತ್ತಾಗಬೇಕು?