ಆರೋಗ್ಯಮ್ಮನ ಸುಳ್ಳು

ಹೊಳೆಯ ದಂಡೆಯ ಪುಟ್ಟ ಆಶ್ರಮದಲ್ಲಿ ಇನ್ನಾಸಪ್ಪ ಪಾದ್ರಿಯಾಗಲೆಂದು ಫಾದರ್ ಚೌರಪ್ಪನವರ ಬಳಿ ಕಲಿಯುತ್ತಿದ್ದ. ಓದಿದ್ದೆಲ್ಲ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಅವನ ತೊಂದರೆಯೂ ಅದೇ.

ಒಂದು ಭಾನುವಾರ ಉಪದೇಶದ ತರಗತಿಯಲ್ಲಿ ಅವನು, "ಸುಳ್ಳು ಎಲ್ಲಿ ಹೇಳಿದರೂ ಸುಳ್ಳೇ, ಪಾಪವೇ," ಎಂದ.

ಸೂಲಗಿತ್ತಿ ಆರೋಗ್ಯಮ್ಮ ಎದ್ದು ನಿಂತಳು. "ನೋವಲ್ಲಿ ಸುಸ್ತಾದೋರಿಗೆ 'ತಲೆ ಕಾಣ್ತಾ ಅದೆ, ಇನ್ನೊಂದೇ ಸಲ ತಿಣುಕವ್ವಾ' ಅಂತೀನಿ ಬುದ್ಧಿ. ಎಷ್ಟೋ ಸಲ ತಲೆ ಕಂಡಿರಲ್ಲ."

"ಅದೂ ಸುಳ್ಳೇ. ಬಿಟ್ಟುಬಿಡಬೇಕು."

ಅವಳು ತಲೆಯಾಡಿಸಿದಳು. ಮರುದಿನದಿಂದ ಹೆರಿಗೆ ಮಾಡಿಸುವುದನ್ನೇ ಬಿಟ್ಟಳು.

ತಿಂಗಳು ಕಳೆದಿರಲಿಲ್ಲ, ಒಂದು ಬೆಳಿಗ್ಗೆ ಕೆಳಕೇರಿಯ ಸವೇರಿ ಏದುಸಿರು ಬಿಡುತ್ತ ಬಂದ. ಅವನ ಹೆಂಡತಿ ರೋಜಮ್ಮನಿಗೆ ಚೊಚ್ಚಲ ಹೆರಿಗೆ, ನಿನ್ನೆಯಿಂದ ನೋವು. ಆಸ್ಪತ್ರೆ ಒಂದು ದಿನದ ದಾರಿ.

"ಆರೋಗ್ಯಮ್ಮನ ಕಾಲು ಹಿಡ್ಕೊಂಡೆ ಸ್ವಾಮಿ. ಸುಳ್ಳು ಹೇಳ್ದೆ ನಂಗೆ ಹೆರಿಗೆ ಮಾಡ್ಸಕ್ಕೆ ಬರಲ್ಲ, ಹೋಗು ಅಂತಾಳೆ."

ಇನ್ನಾಸಪ್ಪ ಓದುತ್ತಿದ್ದ ಪುಸ್ತಕ ಮುಚ್ಚಿ ಎದ್ದ.

ಗುರುಗಳು ಸವೇರಿಯನ್ನು ಹೆಂಡತಿಯ ಬಳಿಗೆ ಕಳಿಸಿ ಶಿಷ್ಯನತ್ತ ತಿರುಗಿದರು. "ನಾನೇ ಹೋಗಿ ಕರೀಬೇಕು. ಅವಳ ಮನೆ ಬೆಟ್ಟದ ಮೇಲೆ, ನನ್ನ ಮಂಡಿ ಹತ್ತಲ್ಲ. ಬೆನ್ನು ಕೊಡು."

ಗುರುಗಳು ನೋಡಲಷ್ಟೇ ಸಣಕಲು. ಬೆಟ್ಟಕ್ಕೆ ಹೊಸಬನಾದ ಇನ್ನಾಸಪ್ಪನಿಗೆ ಕಾಲುಭಾಗ ಏರುವಷ್ಟರಲ್ಲಿ ತನ್ನ ಕಾಲ್ಬೆರಳು ಬಿಟ್ಟು ಬೇರೇನೂ ಕಾಣದಾಯಿತು.

"ಇನ್ನೆಷ್ಟು ದೂರ ಸ್ವಾಮಿ?"

"ಇಗೋ, ಬಂದೇ ಬಿಡ್ತು."

ಮತ್ತಷ್ಟು ಏರಿದ. ತೊಡೆ ನಡುಗತೊಡಗಿತು.

"ಆಗಲ್ಲ ಸ್ವಾಮಿ, ಇಳಿಸಿಬಿಡ್ತೀನಿ."

"ಅಯ್ಯೋ, ಬಾಗಿಲು ಕಾಣ್ತಾ ಅದೆ ಕಣೋ! ಇನ್ನು ಹತ್ತೇ ಹೆಜ್ಜೆ."

ಅವನು ಎಣಿಸಿದ. ಹತ್ತು ದಾಟಿತು, ನೂರೂ ದಾಟಿತು. ಆದರೂ ಕಾಲು ನಡೆಯುತ್ತಲೇ ಇತ್ತು.

ಕೊನೆಗೆ ಗುರುಗಳನ್ನು ಅವಳ ಅಂಗಳದಲ್ಲಿ ಇಳಿಸಿ ಹಿಂದಿರುಗಿ ನೋಡಿದ. "ನೀವು ಹತ್ತು ಹೆಜ್ಜೆ ಅಂದ ಜಾಗದಿಂದ ಈ ಮನೇನೇ ಕಾಣಲ್ವಲ್ಲ ಸ್ವಾಮಿ!"

"ಕಾಣಲ್ಲ."

"ಮತ್ತೆ ನೀವು..."

ಆರೋಗ್ಯಮ್ಮ ಬಾಗಿಲಲ್ಲಿ ನಿಂತಿದ್ದಳು. ಇನ್ನಾಸಪ್ಪ ನಾಚಿಕೆಯಿಂದ ಕೈಮುಗಿದ. "ತಪ್ಪಾಯ್ತವ್ವಾ. ಬನ್ನಿ. ಮೊದಲು ಏನು ಹೇಳ್ತಿದ್ರೋ ಅದನ್ನೇ ಹೇಳಿ."

ಅವಳು ಗುರುಗಳ ಮುಖ ನೋಡಿದಳು. ಅವರು ಹೂಂಗುಟ್ಟಿದರು. ಮರುಕ್ಷಣವೇ ಗಂಟು ಕಂಕುಳಿಗೆ ಸೇರಿಸಿ ದಡದಡ ಇಳಿಯತೊಡಗಿದಳು.

"ಹಾಗಾದರೆ ಸುಳ್ಳು ಅಂದರೆ ಯಾವುದು ಸ್ವಾಮಿ?"

ಗುರುಗಳು ಜಗಲಿಯ ಮೇಲೆ ಕಾಲು ಚಾಚಿ ಕೂತರು.

"ಅವಳ ಹಿಂದೆ ಓಡು. ಬಾಗಿಲ ಹೊರಗೆ ಕೂತು, ಅವಳು ಹೇಳೋದನ್ನೆಲ್ಲ ಕೇಳಿಸ್ಕೊ. ಮಗು ಅತ್ತ ಮೇಲೆ ಬಂದು ನಂಗೂ ಹೇಳ್ಕೊಡು."