ಇಳಿಬಾರೋ ಗುಡ್ಡ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ಬರೆದವನ ಮೀಸೆ ಇಂದೇ ಉದುರಿಹೋಗಲಿ. ಅದು ಅಂತಿಂಥ ಮೀಸೆಯಲ್ಲ, ಅದರ ತುದಿಯಲ್ಲಿ ಒಮ್ಮೆ ಜೋಡಿ ಗಿಳಿ ಕೂತು ಸಂಸಾರ ಹೂಡಿದ್ದವು. ಗೊಂಡೆಹಾಳಿನ ಪಡುವಣಕ್ಕೆ ಬೋಳು ಬಂಡೆಯ ಗುಡ್ಡವೊಂದಿದೆ. ನೆತ್ತಿಯ ಮೇಲೆ ಮರವಿಲ್ಲ, ಗುಡಿಯಿಲ್ಲ. ಆದರೂ ಮಟಮಟ ಮಧ್ಯಾಹ್ನ ಬಂಡೆಯ ಮೇಲೆ ಚಾಪೆಯಗಲದ ನೆರಳೊಂದು ತೊಟ್ಟಿಲಿನಂತೆ ತೂಗುತ್ತದೆ. ತಲೆಯೆತ್ತಿದರೆ ಹದ್ದಿಲ್ಲ, ಮೋಡವಿಲ್ಲ. ಕುರಿಗಳು ಅದನ್ನು ಸುತ್ತುಬಳಸಿ ಹೋಗುತ್ತವೆ. ಬರೆದವನೊಬ್ಬನೇ ಎದೆಯುಬ್ಬಿಸಿ ಅದರೊಳಗೆ ಕೂತು ಬುತ್ತಿ ಬಿಚ್ಚಿದ್ದುಂಟು. ಬಿಸಿ ರೊಟ್ಟಿ ಬಾಯಿಗೆ ಬರುವಷ್ಟರಲ್ಲಿ ಬಾವಿಯೊಳಗಿನ ಕಲ್ಲಿನಂತೆ ತಣ್ಣಗಾಗಿತ್ತು. ಇದಕ್ಕೆ ಇಳಿಬಾರೋ ಗುಡ್ಡವೆಂದು ಹೆಸರು. ಪರವೂರಿನವರು ‘ಇಳಿಯಬಾರದ ಗುಡ್ಡ’ ಎಂದು ತಿಳಿದು ಹತ್ತಲು ಹೆದರುತ್ತಾರೆ. ಅರ್ಥ ತಪ್ಪು, ಹೆದರಿಕೆ ತಪ್ಪಲ್ಲ.

ಹಿಂದೆ ಒಮ್ಮೆ, ಬಿಳಿಯರ ಆಳ್ವಿಕೆಯಲ್ಲಿ, ಲೋಕವೆಲ್ಲ ಯುದ್ಧಕ್ಕೆ ನಿಂತ ಕಾಲಕ್ಕೆ, ಈ ಊರಿನ ಸಂಕವ್ವನ ಒಬ್ಬನೇ ಮಗ ದ್ಯಾಮಣ್ಣ ಸೈನ್ಯ ಸೇರಿದ. ಗದ್ದ ಇನ್ನೂ ನುಣ್ಣಗಿದ್ದ ಹುಡುಗ. ರಜೆಗೆ ಬಂದವನು, ತನ್ನ ಕೆಲಸ ವಿಮಾನದಿಂದ ಜಿಗಿದು ಛತ್ರಿ ಬಿಚ್ಚಿ ನೆಲಕ್ಕಿಳಿಯುವುದು ಎಂದಾಗ, ಕಟ್ಟೆಯ ಮೇಲೆ ಕೂತಿದ್ದ ಬುಳ್ಳನಗೌಡ, "ಸಂಕವ್ವಾ, ನಿನ್ನ ಮಗ ಮೊದಲೇ ದೊಡ್ಡ ಛತ್ರಿ. ಈಗ ಸರಕಾರಿ ಛತ್ರಿ ಆದ ನೋಡು," ಎಂದ. ಕಟ್ಟೆಯೆಲ್ಲ ನಕ್ಕಿತು. ಸಂಕವ್ವ ನಗಲಿಲ್ಲ. "ನೆಲಾ ಮುಟ್ಟೂತನಾ ಜ್ವಾಕಿ, ಮಗನ," ಎಂದಷ್ಟೇ ಅಂದಳಂತೆ. ಆ ಸೀಮೆಯಲ್ಲಿ ಸಾಯುವವರನ್ನು ಉಸಿರಿರುವಾಗಲೇ ಮಂಚದಿಂದ ಕೆಳಗಿಳಿಸಿ ನೆಲದ ಮೇಲೆ ಮಲಗಿಸುತ್ತಾರೆ. ನೆಲ ಮುಟ್ಟದೆ ಹೋದ ಜೀವ ಮಣ್ಣು ಸೇರದೆ ಮೇಲೆಯೇ ಉಳಿಯುತ್ತದೆ ಎನ್ನುತ್ತಾರೆ.

ದ್ಯಾಮಣ್ಣ ಬರ್ಮಾದ ಕಾಳಗದಲ್ಲಿ ಸತ್ತ, ಕಡಲಾಚೆಯೇ ಮಣ್ಣು ಮಾಡಿದರು ಎಂಬ ಸುದ್ದಿ ಒಂದು ದಿನ ಬಂತು. ಗುಂಡು ತಗಲಿದ್ದು ಗಾಳಿಯಲ್ಲೋ ನೆಲದ ಮೇಲೋ, ಹೇಳುವವರಿರಲಿಲ್ಲ. ಸಂಕವ್ವ ಅಳಲಿಲ್ಲ, ತಿಥಿಯ ದಿನ ಮಾಡಿ ಮುಗಿಸು ಎಂದರೆ ಒಪ್ಪಲೂ ಇಲ್ಲ. ನೆಲ ಮುಟ್ಟಿದನೋ ಇಲ್ಲವೋ ತಿಳಿಯದೆ ಹೇಗೆ ಮುಗಿಸುವುದು? ಅದೇ ಹೊತ್ತಿಗೆ ಕುರಿ ಕಾಯುವವರು ಗುಡ್ಡದ ಮೇಲಿನ ನೆರಳನ್ನು ಮೊದಲ ಸಲ ಕಂಡು ಓಡಿ ಬಂದರು. ಅಂದಿನಿಂದ ಸಂಕವ್ವ ದಿನಾ ಮಧ್ಯಾಹ್ನ ಗುಡ್ಡ ಹತ್ತಿ, ಆಕಾಶಕ್ಕೆ ಸೆರಗೊಡ್ಡಿ ಕರೆಯತೊಡಗಿದಳು: "ಇಳಿ, ಬಾರೋ ದ್ಯಾಮಾ. ಇಳಿ, ಬಾರೋ." ಕರೆದಂತೆಲ್ಲ ನೆರಳು ಅವಳ ಪಾದದವರೆಗೆ ಬಂದು, ಇನ್ನೇನು ಮುಟ್ಟಿತು ಎನ್ನುವಾಗ ಹಿಂದಕ್ಕೆ ಸರಿಯುತ್ತಿತ್ತು. ಊರಿನವರು ಆ ಹೊತ್ತಿಗೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಕರೆದರೆ ಬಾರದಿದ್ದುದಕ್ಕಲ್ಲ, ಬಂದುಬಿಟ್ಟರೆ ಗತಿಯೇನೆಂದು.

ಯುದ್ಧ ಮುಗಿದ ಮೇಲೆ ಲಗಮಪ್ಪನೆಂಬ ಸಿಪಾಯಿ ಕುಂಟುತ್ತ ಊರಿಗೆ ಬಂದ. ಒಂದೇ ವಿಮಾನದಿಂದ ದ್ಯಾಮಣ್ಣನ ಬೆನ್ನಿಗೇ ಜಿಗಿದವನು ಅವನು. ಸಂಕವ್ವ ಗುಡ್ಡದ ಮೇಲಿದ್ದಾಳೆಂದು ತಿಳಿದು ಅಲ್ಲಿಗೇ ಹತ್ತಿದ. ಅವಳು ಗೋರಿ ಎಲ್ಲಿದೆ ಎಂದು ಕೇಳಲಿಲ್ಲ, ನೊಂದನೇ ಎಂದು ಕೇಳಲಿಲ್ಲ. "ನನ್ನ ಮಗನ ಕಾಲು ನೆಲಾ ಮುಟ್ಟಿದ್ವೇನಪಾ?" ಎಂದಳು. ನೆರಳು ಇಬ್ಬರ ನಡುವೆ ತೂಗುವುದನ್ನು ನಿಲ್ಲಿಸಿತ್ತು ಎನ್ನುತ್ತಾರೆ. "ಮುಟ್ಟಿದ್ವು, ಯವ್ವಾ," ಎಂದ ಲಗಮಪ್ಪ. ಸಂಕವ್ವ ಅಲ್ಲಿಯೇ ಕುಸಿದು, ಮೊದಲ ಸಲ ಬಾಯಿಬಿಟ್ಟು ಅತ್ತಳು. ಇಳಿದು ಬಂದು ಮಗನ ದಿನ ಮಾಡಿದಳು. ಮತ್ತೆ ಗುಡ್ಡ ಹತ್ತಲಿಲ್ಲ.

ಇಂದಿಗೂ ಹತ್ತಿದವರಿಗೆ, ಒಬ್ಬ ಹೆಂಗಸು ನಿಂತು ನಿಂತು ಸವೆದಷ್ಟು ನುಣುಪಾದ ಜಾಗವೊಂದು ಬಂಡೆಯ ಮೇಲೆ ಕಾಣುತ್ತದೆ. ಅದರ ಅಂಚಿನವರೆಗೆ ನೆರಳು ಬರುತ್ತದೆ, ಸರಿಯುತ್ತದೆ. ದ್ಯಾಮಣ್ಣ ಇಳಿದಾಯಿತಲ್ಲ, ಮತ್ತೆ ಇದು ಯಾರದು ಎಂದು ಕೇಳಿದರೆ ಊರಿನವರು, ಊಟ ಆಯಿತೇ ಎಂದು ಮಾತು ತಿರುಗಿಸುತ್ತಾರೆ. ಅವರದೇನೂ ತಪ್ಪಿಲ್ಲ. ಇಷ್ಟುದ್ದ ಬರೆದದ್ದರಲ್ಲಿ ಒಂದು ಸಣ್ಣ ಸಂಗತಿ ಮಾತ್ರ ಬರೆದವನು ಕಟ್ಟಿದ್ದು. ಲಗಮಪ್ಪ ‘ಮುಟ್ಟಿದ್ವು’ ಎನ್ನಲಿಲ್ಲ. ಸಂಕವ್ವನ ಮುಖವನ್ನೊಮ್ಮೆ ನೋಡಿ, ಆಮೇಲೆ ತಲೆಯೆತ್ತಿ ಮೇಲೆ ನೋಡಿದ.